ಪುಕ್ಕಟೆ ಪಡೆದದ್ದಕ್ಕೆ ಋಣ ಉಂಟೇ?

ಸಂಪಾದಕರು ಫೋನು ಮಾಡಿ, "ಡಾಕ್ಟರೇ, ಈ ಸಲ ಆರೋಗ್ಯದ ಲೇಖನ ಬೇಡಿ. ಬಿ.ಪಿ., ಶುಗರು ಅಂತ ಓದಿ ಓದಿಯೇ ನಮ್ಮ ಸದಸ್ಯರಿಗೆ ಬಿ.ಪಿ. ಏರಿದೆ. ಬೇರೆ ಏನಾದರೂ ಬರೆದುಕೊಡಿ" ಎಂದರು. ಆದ್ದರಿಂದ ಈ ಬಾರಿ ಕಾಯಿಲೆಯ ಮಾತು ಕಡಿಮೆ. ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ಪ್ರಶ್ನೆ ಹುಟ್ಟಿದ್ದು ಹೈವೇ 17ರ ಮೇಲೆ. ಲಾಸ್ ಗ್ಯಾಟೋಸಿನಿಂದ ಬೆಟ್ಟ ಹತ್ತಿ ಸಾಂತಾ ಕ್ರೂಸಿಗೆ ಇಳಿಯುವ ಆ ರಸ್ತೆಯಲ್ಲಿ ಬೇಸಿಗೆಯ ಶನಿವಾರ ಸಿಕ್ಕಿಕೊಂಡವರಿಗೆ ಗೊತ್ತು, ಕಾರು ನಡೆಯುವುದಿಲ್ಲ, ತೆವಳುತ್ತದೆ. ಮಗಳು ಕಾರು ನಡೆಸುತ್ತಿದ್ದಳು. ಅವಳು ಸಾಫ್ಟ್‌ವೇರ್ ಕೆಲಸದವಳು. ನಾನು ಭೀಮಸೇನ ಜೋಶಿಯವರನ್ನು ಹಾಕೋಣ ಎಂದರೆ ಅವಳು ತನ್ನ ಪಾಡ್‌ಕಾಸ್ಟ್ ಹಾಕಿದಳು. ಹಿಂದಿನ ಕಾಲದ ರೇಡಿಯೋ ಸಂವಾದದಂತೆಯೇ ಅದು, ಬೇಕೆಂದಾಗ ಕೇಳಬಹುದು ಅಷ್ಟೆ. ಇಬ್ಬರು ಕೂತು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಜಗಳವನ್ನು ಚರ್ಚಿಸುತ್ತಿದ್ದರು. ಮೊದಲು ಆಕಳಿಸಿದೆ. ಸಮ್ಮಿಟ್ ದಾಟುವ ಹೊತ್ತಿಗೆ ಕಿವಿ ನೆಟ್ಟಗಾಗಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಮಿಷೆಲ್ ವಾಲ್ಡ್ರಿಗಿ ಎಂಬ ಫ್ರಾನ್ಸಿನ ತರುಣ, ಯಾರು ಬೇಕಾದರೂ ತಮ್ಮ ಬರಹವನ್ನು ಸುಲಭವಾಗಿ ಪ್ರಕಟಿಸಿಕೊಳ್ಳಲು ಬಿ2 ಎಂಬ ತಂತ್ರಾಂಶ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಅದರ ಕೆಲಸ ನಿಂತುಹೋದಾಗ, ಅಮೆರಿಕದ ಮ್ಯಾಟ್ ಮುಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಅದನ್ನೇ ಎತ್ತಿಕೊಂಡು ಬೆಳೆಸಿ 2003ರ ಮೇ 27ರಂದು ವರ್ಡ್‌ಪ್ರೆಸ್ ಎಂದು ಹೊರತಂದರು. ಹೀಗೆ ಎತ್ತಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಜಿಪಿಎಲ್ ಎಂಬ ಪರವಾನಗಿಯ ನಿಯಮವೇ ಹಾಗೆ: ಬಳಸು, ಬದಲಿಸು, ಮಾರು, ಹಂಚು, ಆದರೆ ಬದಲಿಸಿ ಹಂಚಿದರೆ ನಿನಗೆ ಸಿಕ್ಕ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡು. ಈಗ ಜಗತ್ತಿನ ನೂರು ಜಾಲತಾಣಗಳಲ್ಲಿ ನಲವತ್ತಕ್ಕೂ ಹೆಚ್ಚು ಇದರ ಮೇಲೆ ನಿಂತಿವೆಯಂತೆ. ಸಾವಿರಾರು ಜನ ಸಂಬಳವಿಲ್ಲದೆ ಇದಕ್ಕಾಗಿ ದುಡಿದಿದ್ದಾರೆ.

ಜಗಳ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಡಬ್ಲ್ಯುಪಿ ಎಂಜಿನ್ ಎಂಬ ಕಂಪೆನಿ ವರ್ಡ್‌ಪ್ರೆಸ್ ತಾಣಗಳನ್ನು ನಡೆಸಿಕೊಡುವುದರಿಂದಲೇ ದೊಡ್ಡದಾಗಿ ಬೆಳೆದಿತ್ತು. ಮುಲೆನ್‌ವೆಗ್ ಪೋರ್ಟ್‌ಲೆಂಡಿನ ಸಮ್ಮೇಳನದಲ್ಲಿ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಇಷ್ಟು ಗಳಿಸುವವರು ಮೂಲಕ್ಕೆ ವಾಪಸು ಕೊಡುವುದು ಏನೇನೂ ಸಾಲದು ಎಂಬುದು ಅವರ ದೂರು. ಆ ಕಂಪೆನಿ ವರ್ಡ್‌ಪ್ರೆಸ್ಸಿಗೆ ಕ್ಯಾನ್ಸರ್ ಎಂದೂ ಬರೆದರು. (ಕ್ಯಾನ್ಸರ್ ರೋಗಿಗಳನ್ನು ದಿನವೂ ನೋಡುವ ನನಗೆ ಆ ಶಬ್ದ ಹಿಡಿಸಲಿಲ್ಲ.) ಹೆಸರಿನ ಹಕ್ಕಿಗಾಗಿ ಆದಾಯದ ಶೇಕಡಾ 8ರಷ್ಟು ಹಣವನ್ನೋ ಅಷ್ಟು ಬೆಲೆಯ ಕೆಲಸವನ್ನೋ ಕೊಡಬೇಕೆಂದು ಅವರ ಕಂಪೆನಿ ಕೇಳಿತು. ಕೊಡದಿದ್ದಾಗ, ಹೊಸ ಆವೃತ್ತಿ ಮತ್ತು ತಿದ್ದುಪಡಿಗಳು ಎಲ್ಲರಿಗೂ ಹರಿದು ಬರುವ ತಾಣದ ಬಾಗಿಲನ್ನು ಆ ಕಂಪೆನಿಗೆ ಮುಚ್ಚಲಾಯಿತು. ಆ ತಾಣ ಸಂಸ್ಥೆಯದಲ್ಲ, ಮುಲೆನ್‌ವೆಗ್ ಅವರ ಸ್ವಂತದ್ದು ಎಂಬುದು ಅನೇಕರಿಗೆ ಸ್ಪಷ್ಟವಾದದ್ದೇ ಆಗ. ಕಂಪೆನಿ ಅಕ್ಟೋಬರಿನಲ್ಲಿ ಇಲ್ಲೇ ಉತ್ತರ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಡಿಸೆಂಬರ್ 10ರಂದು ನ್ಯಾಯಾಧೀಶರು, ಸದ್ಯಕ್ಕೆ ಬಾಗಿಲು ತೆರೆಯಿರಿ ಎಂದು ತಾತ್ಕಾಲಿಕ ಆಜ್ಞೆ ಕೊಟ್ಟರು. ಕಾನೂನಿನ ತೀರ್ಪು ವಕೀಲರಿಗೆ ಇರಲಿ. ಮಗಳು ಕೇಳಿದ್ದು ಬೇರೆ ಪ್ರಶ್ನೆ.

"ಅಪ್ಪಾ, ಇದರಲ್ಲಿ ಯಾರು ಸರಿ?"

"ಇನ್ನೇನಮ್ಮ, ಊಟ ಮಾಡಿ ಎಲೆ ಕೂಡ ಎತ್ತದೆ ಹೋದವರದೇ ತಪ್ಪು" ಎಂದೆ.

"ಎಲೆ ಎತ್ತಬೇಕು ಅಂತ ಮೊದಲೇ ಹೇಳಿರಲಿಲ್ಲವಲ್ಲ. ಪರವಾನಗಿಯಲ್ಲಿ ಇಲ್ಲದ ಸಾಲವನ್ನು ಆಮೇಲೆ ವಸೂಲಿ ಮಾಡೋದು ಯಾವ ನ್ಯಾಯ? ಹಾಗಾದರೆ ನೀವು ಎಂ.ಬಿ.ಬಿ.ಎಸ್. ಮಾಡಿದ್ದಕ್ಕೆ ಕರ್ನಾಟಕಕ್ಕೆ ಎಷ್ಟು ಕೊಟ್ಟಿದ್ದೀರಿ?"

ಅವಳು ಚುಚ್ಚಲೆಂದು ಕೇಳಲಿಲ್ಲ, ವಾದಕ್ಕೆ ಕೇಳಿದಳು. ಆದರೆ ನನಗೆ ಉತ್ತರ ಹೊಳೆಯಲಿಲ್ಲ. ಸಾಂತಾ ಕ್ರೂಸಿನ ಸಮುದ್ರ ಕಂಡರೂ ಹೊಳೆಯಲಿಲ್ಲ.

ನಾನು ಓದಿದ್ದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ. ಒಂದು ವರ್ಷದ ಫೀಸು ಮೇಷ್ಟರಾಗಿದ್ದ ನನ್ನ ತಂದೆಯ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಉಳಿದ ಖರ್ಚನ್ನು ಹೊತ್ತವರು ಕಡ್ಡಿಪೆಟ್ಟಿಗೆ ಕೊಂಡಾಗಲೂ ತೆರಿಗೆ ಕೊಡುತ್ತಿದ್ದ ಜನ. ಅವರಲ್ಲಿ ಎಷ್ಟೋ ಮಂದಿ ಕಾಲೇಜಿನ ಗೇಟನ್ನೂ ಕಂಡವರಲ್ಲ. ಇನ್ನೊಂದು ಖರ್ಚಿದೆ, ಅದು ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. ಮೂರನೇ ವರ್ಷದಲ್ಲಿ ಒಬ್ಬ ಮುದುಕರಿಗೆ ಡ್ರಿಪ್ ಹಾಕಲು ಹೋಗಿ ಮೂರು ಸಲ ನರ ತಪ್ಪಿಸಿದೆ. ನನ್ನ ಕೈ ನಡುಗುತ್ತಿತ್ತು. ಅವರು ನನ್ನ ಮುಖ ನೋಡಿ, "ಪರವಾಗಿಲ್ಲ ಕಣಪ್ಪ, ಕಲ್ತ್ಕೋ. ಇನ್ನೊಂದು ಕೈ ಐತಲ್ಲ" ಎಂದು ಇನ್ನೊಂದು ಕೈ ಚಾಚಿದರು. ಆ ಕೈಯಲ್ಲಿ ಕಲಿತ ವಿದ್ಯೆಯನ್ನು ಕಟ್ಟಿಕೊಂಡು ನಾನು ವಿಮಾನ ಹತ್ತಿದೆ. ಯಾವ ಬಾಂಡೂ ಮುರಿಯಲಿಲ್ಲ, ಯಾವ ಕಾಗದದ ಪ್ರಕಾರವೂ ಸಾಲಗಾರನಲ್ಲ. ಡಬ್ಲ್ಯುಪಿ ಎಂಜಿನ್ ಕಂಪೆನಿಯೂ ಆ ಪರವಾನಗಿಯ ಪ್ರಕಾರ ಸಾಲಗಾರನಲ್ಲ. ಎಲೆಯ ಗಾದೆ ಹೇಳುವ ಮೊದಲು ನಾನು ನನ್ನ ಎಲೆಯನ್ನು ನೋಡಿಕೊಳ್ಳಬೇಕಿತ್ತು.

ಹಾಗಾದರೆ ಕಾಗದದಲ್ಲಿ ಇಲ್ಲದ ಋಣ ಎಂಬುದು ಇದೆಯೇ? ಮಗಳ ವಾದಕ್ಕೆ ಒಂದು ಬಲವಿದೆ. ತಂತ್ರಾಂಶ ಅನ್ನದ ಹಾಗಲ್ಲ, ಒಬ್ಬ ಉಂಡರೆ ಇನ್ನೊಬ್ಬನಿಗೆ ಕಡಿಮೆಯಾಗುವುದಿಲ್ಲ. ವಿದ್ಯೆಯ ಬಗ್ಗೆ ನಮ್ಮ ಹಿರಿಯರು ಹೇಳುತ್ತಿದ್ದುದೂ ಅದೇ. ಸವೆಯದ ವಸ್ತುವಿಗೆ ಬಾಡಿಗೆ ಯಾಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಅಟ್ಟದ ಪೆಟ್ಟಿಗೆಯಲ್ಲಿ. ನಾನು ರೆಸಿಡೆನ್ಸಿ ಮಾಡುತ್ತಿದ್ದ ಊರಿನ ಕನ್ನಡ ಸಂಘದ ಪತ್ರಿಕೆಯನ್ನು ಮೊದಲು ಕೈಯಲ್ಲೇ ಬರೆದು ಜೆರಾಕ್ಸ್ ಮಾಡುತ್ತಿದ್ದೆವು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ 'ಬರಹ' ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದಾಗ ನಮಗೆ ಹಬ್ಬವಾಯಿತು. ಊರಿನಲ್ಲಿ ಸರ್ಕಾರದ 'ನುಡಿ' ಬಂತು. ಅದರ ಕೀಲಿಮಣೆಯ ವಿನ್ಯಾಸ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಅದನ್ನು ತಮ್ಮ ಸ್ವತ್ತೆಂದು ಕಟ್ಟಿಡದೆ ಎಲ್ಲರಿಗೂ ಬಿಟ್ಟುಕೊಟ್ಟವರು ಅವರು. ನಾನು ಆಗ ಟೈಪು ಮಾಡಿದ ಲೇಖನಗಳ ಫೈಲುಗಳನ್ನು ಮೊನ್ನೆ ತೆರೆದರೆ, ಕನ್ನಡದ ಒಂದು ಅಕ್ಷರವೂ ಇಲ್ಲ! ಪರದೆಯ ತುಂಬ ಸೊಟ್ಟ ರೋಮನ್ ಗುರುತುಗಳು. ಫೈಲು ಸವೆದಿರಲಿಲ್ಲ, ಸುತ್ತಲಿನ ಜಗತ್ತು ಬದಲಾಗಿತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇರಿಸಿದ್ದವು. ಯೂನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತ್ತು, ಆದರೆ ನಾವೆಲ್ಲ ಅಲ್ಲಿಗೆ ಸಾಮಾನು ಸಾಗಿಸಲು ವರ್ಷಗಳೇ ಹಿಡಿದವು. ಹಳೆಯದನ್ನು ಹೊಸದಕ್ಕೆ ಬದಲಿಸುವ ಒಂದು ಚಿಕ್ಕ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಮಾಡಿ ಬಿಟ್ಟಿದ್ದರಿಂದ ನನ್ನ ಲೇಖನಗಳು ಮತ್ತೆ ಕನ್ನಡವಾದವು.

ಬರಹದ ಹೊಸ ಆವೃತ್ತಿಗಳಿಗೆ ಮುಂದೆ ಬೆಲೆ ಇಟ್ಟಾಗ, "ಅಯ್ಯೋ, ಇದಕ್ಕೂ ದುಡ್ಡೇ?" ಎಂದು ಗೊಣಗಿದವರಲ್ಲಿ ನಾನೊಬ್ಬ. ಅಷ್ಟು ವರ್ಷ ಬಳಸಿ ಒಂದು ಧನ್ಯವಾದದ ಕಾಗದವನ್ನೂ ಬರೆದಿರಲಿಲ್ಲ. ಈಗ ಯೋಚಿಸಿದರೆ, ಇಷ್ಟು ಬೆಲೆ ಎಂದು ಮೊದಲೇ ಹೇಳಿ ಕೇಳುವುದರಲ್ಲಿ ಮುಚ್ಚುಮರೆಯಿಲ್ಲ. ನಾಚಿಕೆ ಪಡಬೇಕಾದವನು ಗೊಣಗಿದ ನಾನು.

ಕೋಲಾರದ ಕಡೆ ನಮ್ಮ ಅಜ್ಜಿಯ ಊರಿಗೆ ಒಂದು ಕೆರೆಯಿತ್ತು. ಯಾರು ಕಟ್ಟಿಸಿದರೋ ಯಾರಿಗೂ ಗೊತ್ತಿಲ್ಲ, ಕಟ್ಟಿಸಿದವರ ಮೊಮ್ಮಕ್ಕಳು ಬಂದು ಬಾಡಿಗೆ ಕೇಳಿದ್ದೂ ಇಲ್ಲ. ಆದರೆ ಪ್ರತಿ ಮಳೆಗಾಲ ಕೆರೆಗೆ ಹೂಳು ತರುತ್ತದೆ. ಬೇಸಿಗೆಯಲ್ಲಿ ಮನೆಗೊಂದಾಳು ಹೋಗಿ ಹೂಳು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯಬೇಕು. ನಾನು ಕುಡಿದ ಒಂದು ಚೊಂಬು ನೀರಿನಿಂದ ಕೆರೆ ಬತ್ತುವುದಿಲ್ಲ, ನಿಜ. ಆದರೆ ಕುಡಿಯುವವರೆಲ್ಲ ಹೂಳಿನ ಕೆಲಸ ಇನ್ನೊಬ್ಬರದು ಎಂದುಕೊಂಡರೆ ಬತ್ತುತ್ತದೆ. ಋಣ ಹುಟ್ಟುವುದು ಇಲ್ಲಿ ಎಂದು ನನಗೆ ತೋರುತ್ತದೆ. ನಾನು ಬಳಸುವ ವಸ್ತುವನ್ನು ಇಂದಿಗೂ ಯಾರೋ ಬೆನ್ನು ಬಗ್ಗಿಸಿ ಉಳಿಸುತ್ತಿದ್ದರೆ, ಆ ದುಡಿಮೆಯಲ್ಲಿ ನನ್ನ ಪಾಲೂ ಇದೆ. ಕಾಗದದಲ್ಲಿ ಬರೆದಿರಲಿ, ಬಿಡಲಿ.

ಮಗಳಿಗೆ ಇಷ್ಟು ಹೇಳಿದೆ. "ಹಾಗಾದರೆ ಬಾಗಿಲು ಮುಚ್ಚಿದ್ದೂ ಸರಿಯೇ?" ಎಂದಳು. ಇಲ್ಲ. ಅಲ್ಲಿ ಅವಳದೇ ಸರಿ.

ಆ ಕೆರೆಗೆ ಒಬ್ಬ ನೀರುಗಂಟಿಯಿದ್ದ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವವನು ಅವನು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಕಣದಲ್ಲೇ ಅವನಿಗೆ ಬತ್ತ ಅಳೆದು ಕೊಡುತ್ತಿದ್ದರು. ಬಹಳ ನಿಯತ್ತಿನ ಮನುಷ್ಯ. ಒಂದು ವರ್ಷ ಊರಿನ ದೊಡ್ಡ ಗದ್ದೆಯವನೊಬ್ಬ ಹೂಳಿಗೆ ಆಳು ಕಳಿಸಲಿಲ್ಲ. ನೀರುಗಂಟಿಗೆ ಸಿಟ್ಟು ಬಂದು ಅವನ ಕಾಲುವೆಗೆ ನೀರು ಕಟ್ಟಿಬಿಟ್ಟ. ಆದರೆ ಅದೇ ಕಾಲುವೆಯ ತುದಿಯಲ್ಲಿ ಮೂರು ಜನ ಬಡವರ ತುಂಡು ಗದ್ದೆಗಳಿದ್ದವು. ಅವರು ಆಳು ಕಳಿಸಿದ್ದವರೇ. ಅವರ ಪೈರೂ ಬಾಡಿತು. ಊರ ಹಿರಿಯರು ಅರಳಿಕಟ್ಟೆಯಲ್ಲಿ ಸೇರಿ ಎರಡು ಮಾತು ಹೇಳಿದರಂತೆ. ಗದ್ದೆಯವನಿಗೆ, ದಂಡದ ರಾಗಿ ಕೊಟ್ಟು ಮುಂದಿನ ವರ್ಷ ಎರಡು ಆಳು ಕಳಿಸು ಎಂದು. ನೀರುಗಂಟಿಗೆ, "ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಹೂಳಿನ ಲೆಕ್ಕ ಊರು ಕೇಳುತ್ತೆ, ನೀನು ನೀರು ಬಿಡು" ಎಂದು.

2024ರಲ್ಲಿ ತೂಬು ಮುಚ್ಚಿದಾಗಲೂ ಹಾಗೇ ಆಯಿತು. ತೊಂದರೆ ಮೊದಲು ತಟ್ಟಿದ್ದು ಕಂಪೆನಿಯ ಧಣಿಗಳಿಗಲ್ಲ, ಅದರ ಮೂಲಕ ಪುಟ್ಟ ಅಂಗಡಿಯನ್ನೋ ಶಾಲೆಯನ್ನೋ ನಡೆಸುತ್ತಿದ್ದವರಿಗೆ, ಭದ್ರತೆಯ ತಿದ್ದುಪಡಿಗಳು ತಾವಾಗಿ ಬರದೆ ನಿಂತಾಗ. ಇಪ್ಪತ್ತು ವರ್ಷ ಕೆರೆ ಕಾಯ್ದವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಕಾಯುವುದು ಬೇರೆ, ಒಡೆತನ ಬೇರೆ. ಕೊಟ್ಟವನೇ ಬಾಗಿಲು ಮುಚ್ಚಿ ವಸೂಲಿಗೆ ನಿಂತರೆ ಮೊದಲು ಕೊಟ್ಟದ್ದೂ ದಾನವಾಗಿ ಉಳಿಯುವುದಿಲ್ಲ. ಆಗ ಎಲ್ಲ ದಾನವನ್ನೂ ಜನ ಅನುಮಾನದಿಂದ ನೋಡತೊಡಗುತ್ತಾರೆ. ಅದು ಹೂಳಿಗಿಂತ ಕೆಟ್ಟದ್ದು.

ಹಾಗೆಂದು ಕೊಟ್ಟು ಸುಮ್ಮನಿದ್ದರೂ ಸಾಲದು. ನಮ್ಮ ವೈದ್ಯಕೀಯದ ಒಂದು ಉದಾಹರಣೆ ಹೇಳುತ್ತೇನೆ (ಸಂಪಾದಕರು ಕ್ಷಮಿಸಬೇಕು). ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಅವರ ತಂಡ, ಯಾರೂ ಅದನ್ನು ಒಬ್ಬರದೇ ಮಾಡಿಕೊಳ್ಳದಿರಲಿ ಎಂದು ಪೇಟೆಂಟನ್ನು 1923ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟಿತು. ಆದರೆ ಆಮೇಲೆ ಬಂದ ಸುಧಾರಿತ ಬಗೆಗಳ ಮೇಲೆ ಹೊಸ ಪೇಟೆಂಟುಗಳ ಬೇಲಿ ಬಿತ್ತು. ಈ ದೇಶದಲ್ಲಿ ಒಂದು ಸೀಸೆಯ ಪಟ್ಟಿ ಬೆಲೆ 250 ಡಾಲರ್ ದಾಟಿತ್ತು. ದುಡ್ಡಿಲ್ಲದೆ ಅರ್ಧ ಡೋಸು ಹಾಕಿಕೊಂಡು ಬಂದ ರೋಗಿಗಳನ್ನು ನಾನೇ ನೋಡಿದ್ದೇನೆ. 2023ರಲ್ಲಿ ಕಾನೂನೇ ಜಾರಿಗೆ ಬಂದು ಮೆಡಿಕೇರಿನವರಿಗೆ ತಿಂಗಳಿಗೆ 35 ಡಾಲರ್ ಎಂದು ಮಿತಿ ಹಾಕಬೇಕಾಯಿತು. ದಾನವನ್ನು ಕಾಯಲು ಊರು ಎಂಬುದೊಂದು ಬೇಕು. ಒಬ್ಬನ ಒಳ್ಳೆಯತನ ಸಾಲದು, ಒಬ್ಬನ ಸಿಟ್ಟಿಗೂ ಅದನ್ನು ಒಪ್ಪಿಸಬಾರದು.

ಇನ್ನು ಉಳಿದದ್ದು, ಋಣವನ್ನು ಯಾರಿಗೆ ತೀರಿಸುವುದು? ಇನ್ನೊಂದು ಕೈ ಚಾಚಿದ ಆ ಹಿರಿಯರು ಈಗ ಇರಲಾರರು. ನಮ್ಮ ಹಿಂದಿನವರು ಋಷಿಋಣ ಎಂದು ಒಂದನ್ನು ಹೇಳುತ್ತಿದ್ದರು. ಅದನ್ನು ಋಷಿಗೆ ವಾಪಸು ಕೊಡಲಾಗುವುದಿಲ್ಲ. ಕಲಿತು, ಮುಂದಿನವನಿಗೆ ಕಲಿಸಿಯೇ ತೀರಿಸಬೇಕು. ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದಲೇ ಸಾಲಗಾರನೇ ನೆನಪಿಟ್ಟುಕೊಳ್ಳಬೇಕು. ಕಳೆದ ಇಪ್ಪತ್ತೈದು ವರ್ಷ ನಾನು ಅದನ್ನು ಅನುಕೂಲವಾಗಿ ಮರೆತಿದ್ದೆ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮದುವೆ, ಮುಂಜಿ, ಸೀರೆ ಅಂಗಡಿ ಮುಗಿಸಿ ಬರುತ್ತಿದ್ದೆ. ಈ ಡಿಸೆಂಬರಿನಲ್ಲಿ ಎರಡು ವಾರ ಓದಿದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆಂದು ಬರೆದು ಕೇಳಿದ್ದೇನೆ. ಬನ್ನಿ ಎಂದಿದ್ದಾರೆ. ಇಷ್ಟರಿಂದ ಲೆಕ್ಕ ಚುಕ್ತಾ ಆಯಿತೆಂದು ನಾನು ಹೇಳಲಾರೆ. ಇಪ್ಪತ್ತೈದು ಬೇಸಿಗೆ ಹೂಳು ತೆಗೆಯದವನು ಒಂದು ಬುಟ್ಟಿ ಮಣ್ಣು ಹೊತ್ತಂತೆ, ಅಷ್ಟೆ.

ನಮ್ಮ ಸಂಘಗಳಲ್ಲೂ ಕೆರೆಗಳಿವೆ. ಸದಸ್ಯರ ಪಟ್ಟಿ ಇಡುವವರು, ಹಾಲ್ ಬುಕ್ ಮಾಡುವವರು, ಮಕ್ಕಳಿಗೆ ಭಾನುವಾರ ಅ ಆ ಇ ಈ ತಿದ್ದಿಸುವವರು, ಈ ಪತ್ರಿಕೆಯನ್ನು ರಾತ್ರಿ ಕೂತು ಮಡಿಸಿ ಸ್ಟ್ಯಾಂಪು ಅಂಟಿಸುವವರು. ಅವರು ತೂಬು ಮುಚ್ಚುವ ತನಕ ನಾವು ಕಾಯಬಾರದು. ಬೀಗದ ಕೈ ಒಬ್ಬರ ಜೇಬಿನಲ್ಲೇ ಇರುವಂತೆಯೂ ಮಾಡಬಾರದು. ಅದು ಅವರಿಗೂ ಭಾರ, ಊರಿಗೂ ಅಪಾಯ. ಮುಂದಿನ ಕಾರ್ಯಕ್ರಮದ ಊಟವಾದ ಮೇಲೆ ಕುರ್ಚಿ ಮಡಿಸಲು ನಾನು ನಿಲ್ಲುತ್ತೇನೆ. ನೀವು ಯಾವ ಕೆಲಸಕ್ಕೆ ನಿಲ್ಲುತ್ತೀರಿ, ಸಂಪಾದಕರಿಗೆ ಒಂದು ಫೋನು ಮಾಡಿ ತಿಳಿಸಿ.

ಮಗಳು ಇದನ್ನು ಓದಿಸಿ ಕೇಳಿಕೊಂಡು, "ನೀವು ನನ್ನ ಪ್ರಶ್ನೆಗೆ ಅರ್ಧ ಮಾತ್ರ ಉತ್ತರ ಕೊಟ್ಟಿದ್ದೀರಿ. ಎಷ್ಟು ಕೊಟ್ಟರೆ ಸಾಕು?" ಎಂದಳು. ಅದು ನನಗೂ ತಿಳಿಯದು. ನಿಮಗೆ ತಿಳಿದಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.

— ಸದಸ್ಯರೊಬ್ಬರು, ಲಾಸ್ ಗ್ಯಾಟೋಸ್