ಕಿಟಕಿಯಾಚೆಯ ಜನ

ಐದು ದಿನದ ಅಂಡಮಾನ್ ಪ್ರವಾಸದಲ್ಲಿ ಊಟ, ದೋಣಿ, ಕೋಣೆಯ ಚಿಂತೆಯನ್ನೆಲ್ಲ ಗೈಡಿಗೆ ಒಪ್ಪಿಸಿ ಹಾಯಾಗಿರಬಹುದು. ನನ್ನ ವಯಸ್ಸಿಗೆ ಅದು ಒಗ್ಗುತ್ತದೆ. ಸೆಲ್ಯುಲರ್ ಜೈಲು, ಹ್ಯಾವ್‌ಲಾಕಿನ ಕಡಲು ಮುಗಿದು ನಾಲ್ಕನೆಯ ದಿನ ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆ. ತೊಡಕು ಇದ್ದದ್ದು ಅದರ ದಾರಿಯಲ್ಲಿ.

ಜಿರ್ಕಾಟಾಂಗಿನಲ್ಲಿ ವಾಹನಗಳನ್ನು ಸಾಲುಗಟ್ಟಿಸಿ ಕಾವಲಿನೊಂದಿಗೆ ಕಾಡಿನೊಳಕ್ಕೆ ಬಿಡುತ್ತಾರೆ. ಅದು ಜಾರವಾ ಜನರ ಕಾಡು. ಫೋಟೋ ತೆಗೆಯಕೂಡದು, ತಿನಿಸು ಕೊಡಕೂಡದು. ಅವರು ಹೊರಗಿನವರೊಡನೆ ಬೆರೆಯತೊಡಗಿದ್ದು 1997ರ ಸುಮಾರಿಗೆ. 1999ರಲ್ಲಿ ಅವರಲ್ಲಿ ದಡಾರ ಹಬ್ಬಿತು. ಅಲ್ಲಿನ ರಸ್ತೆ ಮುಚ್ಚಿ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಆದರೂ ವಾಹನಗಳು ನಿಲ್ಲಲಿಲ್ಲ.

“ಕಂಡರೂ ಕಾಣದ ಹಾಗಿರಿ,” ಎಂದ ಗೈಡು. ವ್ಯಾನಿನ ಹನ್ನೆರಡು ಮಂದಿಯೂ ಕಿಟಕಿಗೆ ಅಂಟಿಕೊಂಡರು. ರಸ್ತೆಯ ಬದಿಗೆ ಒಬ್ಬಳು ಹೆಂಗಸು, ಸೊಂಟದ ಮೇಲೆ ಮಗು. ಅವಳೂ ನಮ್ಮನ್ನು ನೋಡಿದಳು.

“ನೋಡಿದರೆ ಅವರ ಗಂಟೇನು ಹೋಗುತ್ತದೆ?” ಎಂದರು ಪಕ್ಕದಲ್ಲಿದ್ದ ಹಿರಿಯರು. ಅವರೇನೂ ಕೆಟ್ಟವರಲ್ಲ, ದಾರಿಯುದ್ದಕ್ಕೂ ನನಗೆ ಕೋಡುಬಳೆ ಕೊಟ್ಟವರು. ಆದರೆ ನಮ್ಮ ಮನೆಯೊಳಕ್ಕೆ ದಿನವೂ ವ್ಯಾನಿನವರು ಇಣುಕಿದರೆ ಇಬ್ಬರೂ ಬಾಗಿಲು ಹಾಕಿಕೊಳ್ಳುತ್ತೇವೆ. ಕಾಡಿಗೆ ಬಾಗಿಲೆಲ್ಲಿ? ಉತ್ತರದ ಮಾಯಾಬಂದರಿನಿಂದ ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಬರುವ ರೋಗಿಗೆ ಈ ರಸ್ತೆ ಬೇಕು, ಅವನ ಮಾತು ಬೇರೆ. ನಮಗೆ ಬೇಕಾಗಿದ್ದುದು ಒಂದು ಗುಹೆ. ಅದೂ ನೆಪವಿರಬೇಕು: ಒಳಗೆ ಗೈಡು ಬ್ಯಾಟರಿ ಹಾಕಿ ಕಲ್ಲಿನ ಆಕಾರಗಳನ್ನು ತೋರಿಸುತ್ತಿದ್ದರೆ, ಹಿಂದೆ ನಮ್ಮವರು ದಾರಿಯಲ್ಲಿ ಎಷ್ಟು ಜನ ಕಂಡರೆಂದು ಲೆಕ್ಕ ಹಾಕುತ್ತಿದ್ದರು.