ಶಕ್ತಿಯರಿತ ತಪಸ್ಸು



ದಶಲಕ್ಷಣ ಪರ್ವದ ಚತುರ್ದಶಿಯಂದು ವೃದ್ಧ ಶ್ರಾವಿಕೆಯೊಬ್ಬರು ಬಸದಿಯ ಜಗಲಿಯಲ್ಲಿ ಕಣ್ಣೀರಿಡುತ್ತ ಕುಳಿತಿದ್ದರು. ದೊಡ್ಡ ಕರುಳಿನ ಉರಿಯೂತದಿಂದ ನರಳುತ್ತಿದ್ದ ಅವರಿಗೆ ವೈದ್ಯರು ನಿರಾಹಾರ ಉಪವಾಸವನ್ನು ನಿಷೇಧಿಸಿದ್ದರು. “ನಲವತ್ತು ವರ್ಷ ನಡೆಸಿದ ವ್ರತ ಈ ಹೊಟ್ಟೆಯಿಂದ ಕೆಟ್ಟಿತಲ್ಲ” ಎಂಬುದು ಅವರ ಅಳಲು. ಶ್ರದ್ಧೆಯಿದ್ದರೆ ರೋಗ ತಾನೇ ಹೋದೀತೆಂದು ಮನೆಯವರೊಬ್ಬರು ಬೇರೆ ಚುಚ್ಚಿದ್ದರಂತೆ. ಆ ಮಾತು ಧರ್ಮದ ಮಾತಲ್ಲ.

ಕರುಳಿನ ಸ್ಥಿತಿಯನ್ನು ಕೊಂಚ ವಿಚಾರಿಸೋಣ. ಅದರ ಒಳಮೈಯ ಹೊದಿಕೆ ಕೇವಲ ಒಂದು ಸಾಲು ಜೀವಕೋಶಗಳದು. ಅದರ ಒಂದು ಮಗ್ಗುಲಲ್ಲಿ ಉಂಡ ಅನ್ನವೂ ಅಸಂಖ್ಯ ಸೂಕ್ಷ್ಮಜೀವಿಗಳೂ ಇದ್ದರೆ, ಇನ್ನೊಂದು ಮಗ್ಗುಲಲ್ಲಿ ದೇಹವನ್ನು ಕಾಯುವ ರಕ್ಷಕ ಕೋಶಗಳ ದೊಡ್ಡ ಸೈನ್ಯವೇ ಇದೆ. ಈ ಸೈನ್ಯವು ಕಂಡದ್ದರ ಮೇಲೆಲ್ಲ ಎರಗಿದರೆ ಶತ್ರುವಿಗಿಂತ ಮೊದಲು ಸ್ವಂತ ಕರುಳೇ ಬೇಯುತ್ತದೆ. ಆದ್ದರಿಂದ ಅದೇ ಸೈನ್ಯದೊಳಗೆ ಯುದ್ಧವನ್ನು ತಡೆಯುವುದನ್ನೇ ಕಾಯಕವಾಗಿಸಿಕೊಂಡ ಕೋಶಗಳಿವೆ. ಇವೇ ನಿಯಂತ್ರಕ ಟಿ-ಕೋಶಗಳು. ಜಪಾನಿನ ಶಿಮೊನ್ ಸಕಾಗುಚಿಯವರು 1995ರಲ್ಲಿ ಇವುಗಳನ್ನು ಗುರುತಿಸಿದರು. 2025ರಲ್ಲಿ ಅಮೆರಿಕದ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದರು. ಈ ಕೋಶಗಳು ಇಂಟರ್‌ಲ್ಯೂಕಿನ್-10 ಎಂಬ ಶಾಮಕ ದ್ರವ್ಯವನ್ನು ಸ್ರವಿಸುತ್ತವೆ. ಆ ದ್ರವ್ಯವಿಲ್ಲದ ಇಲಿಗಳ ಕರುಳು ತಾನೇ ಉರಿಯೂತಕ್ಕೆ ತುತ್ತಾಗುವುದು 1993ರಲ್ಲಿ ಕಂಡುಬಂದಿತು. (ಮೂಕ ಪ್ರಾಣಿಗಳ ನೋವಿನಿಂದ ಬಂದ ಜ್ಞಾನವಿದು, ತಿಳಿದದ್ದನ್ನು ಅಲ್ಲಗಳೆಯಲಾರೆ, ಆ ಹಿಂಸೆಯನ್ನು ಅನುಮೋದಿಸಲೂ ಆರೆ.) ಧಾನ್ಯ ಬೇಳೆಗಳ ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಕರಗಿಸಿದಾಗ ಹುಟ್ಟುವ ಬ್ಯುಟಿರೇಟ್ ಎಂಬ ಆಮ್ಲವು ಇಂಥ ಕೋಶಗಳನ್ನು ಹೆಚ್ಚಿಸುವುದೂ 2013ರ ಪ್ರಯೋಗಗಳಲ್ಲಿ ತಿಳಿದುಬಂದಿದೆ. ಆದರೆ ಹುಣ್ಣು ಕೆರಳಿದ ಕರುಳಿಗೆ ನಾರು ಎಷ್ಟು ಸಹ್ಯವೆಂಬುದನ್ನು ವೈದ್ಯರೇ ಹೇಳಬೇಕು.

ಆಗಮಕ್ಕೆ ಪ್ರಯೋಗಶಾಲೆಯ ಸಾಕ್ಷಿ ಬೇಕಿಲ್ಲ. ಇದನ್ನು ದೃಷ್ಟಾಂತವಾಗಿ ಮಾತ್ರ ಹೇಳಿದೆ. ಅನ್ನವನ್ನು ಬಿಟ್ಟು ಕ್ರೋಧವನ್ನು ಬಿಡದವನ ಉಪವಾಸವೂ ತಡೆಯಿಲ್ಲದ ಆ ಸೈನ್ಯದಂತೆಯೇ ತನ್ನ ಮನೆಯನ್ನು ತಾನೇ ಸುಡುತ್ತದೆ. ದಶಧರ್ಮಗಳಲ್ಲಿ ಉತ್ತಮ ಕ್ಷಮೆಯು ಮೊದಲು ನಿಂತಿದೆಯಲ್ಲವೆ? ಇನ್ನು ಬಾಹ್ಯ ತಪಸ್ಸು ಆರು ಬಗೆ. ಅನಶನವು ಅವುಗಳಲ್ಲೊಂದು ಮಾತ್ರ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವೂ, ತುಪ್ಪ ಬೆಲ್ಲಾದಿಗಳನ್ನು ತೊರೆಯುವ ರಸಪರಿತ್ಯಾಗವೂ ತಪಸ್ಸೇ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೆಂಬುದನ್ನು ಎಣಿಸಿರುವಾಗ, ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ ಮೀರಿ ದೇಹವನ್ನು ಕೆಡವುವುದೂ ಹಾಗೆಯೇ ದೋಷವೆಂದು ನನ್ನ ತಿಳಿವಳಿಕೆ.

ಆ ತಾಯಿಗೆ ಇಷ್ಟನ್ನೇ ಹೇಳಿದೆನು. ಅವರು ತುಪ್ಪ ಬೆಲ್ಲಗಳನ್ನು ಅಂದು ತ್ಯಜಿಸಿ, ವೈದ್ಯರು ಒಪ್ಪಿದ ಗಂಜಿಯನ್ನು ಮಿತವಾಗಿ ಸ್ವೀಕರಿಸಿ, ಔಷಧವನ್ನು ಸೂರ್ಯಾಸ್ತಕ್ಕೆ ಮುನ್ನ ಮುಗಿಸಿದರು. ಬಳಿಕ ತಮ್ಮನ್ನು ಚುಚ್ಚಿದವರನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಸಾಮಾಯಿಕಕ್ಕೆ ಕುಳಿತರು.