ಸಾಕು ಎನ್ನಬೇಕಾದವರು ಯಾರು?

ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯವರಾದ ನಮಗೆ ವಿಜಯದಶಮಿಯೆಂದರೆ ಜಂಬೂಸವಾರಿಯಷ್ಟೇ ಅಲ್ಲ; ಅದಕ್ಕೆ ಮುನ್ನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವೂ ಹೌದು. ತಲೆ ಬೋಳಿಸಿದ ಜಟ್ಟಿಗಳು ಬೆರಳಿಗೆ ವಜ್ರನಖ ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ತೊಟ್ಟು ನೆತ್ತರು ಚಿಮ್ಮಿತೋ, ಕಾಳಗ ಮುಗಿಯಿತು. ನೋಡಲು ಕ್ರೂರವೇ. ಆದರೂ ಇಲ್ಲಿ ಸಾಕೆನ್ನುವ ಕೆಲಸ ನೆತ್ತರಿನದು. ಜಟ್ಟಿಯ ಮಾನಕ್ಕೆ ಅದರಿಂದ ಕುಂದಿಲ್ಲ.

ಕೈಗವುಸಿನ ಮುಷ್ಟಿಯುದ್ಧದಲ್ಲಿ ಹಾಗಲ್ಲ. ಗವುಸು ಕಾಯುವುದು ಹೊಡೆಯುವವನ ಬೆರಳೆಲುಬನ್ನು. ಪೆಟ್ಟು ತಿಂದವನ ಮಿದುಳನ್ನಲ್ಲ. 2019ರ ಜುಲೈ 19ರಂದು ಅಮೆರಿಕದ ಮೇರಿಲ್ಯಾಂಡಿನಲ್ಲಿ ರಷ್ಯದ ಮ್ಯಾಕ್ಸಿಂ ದದಾಶೆವ್ ಸೆಣಸಿದ. ಲೈಟ್ ವೆಲ್ಟರ್‌ವೇಟ್, ಅಂದರೆ 63.5 ಕಿಲೋ ಮೀರದ ಆಳುಗಳ ವರ್ಗ. ಅದುವರೆಗಿನ 13 ಪಂದ್ಯಗಳಲ್ಲಿ ಸೋಲೇ ಕಾಣದವನು. 11ನೆಯ ಸುತ್ತು ಮುಗಿದಾಗ ಗುರು ಬಡ್ಡಿ ಮೆಕ್‌ಗರ್ಟ್, ತಾವೇ 1988ರಲ್ಲಿ ಅದೇ ತೂಕದ ಪಟ್ಟ ಗೆದ್ದವರು, ಇನ್ನು ನಿಲ್ಲಿಸುತ್ತೇನೆಂದರು. ಶಿಷ್ಯ ಬೇಡವೆಂದು ತಲೆಯಾಡಿಸಿದ. ಉಳಿದಿದ್ದುದು ಒಂದೇ ಸುತ್ತು. ಗುರು ಕೇಳಲಿಲ್ಲ, ನಿಲ್ಲಿಸಿಯೇಬಿಟ್ಟರು. ನಾಲ್ಕು ದಿನಕ್ಕೆ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 28.

ಬುದ್ಧಿ ಬಲಿತವನ ಇಷ್ಟವನ್ನು ಮೀರುವ ಹಕ್ಕು ಗುರುವಿಗೆ ಉಂಟೇ? ಮೈ ಅವನದು, ಹೊಟ್ಟೆಪಾಡೂ ಅವನದು ಎನ್ನುವವರಿದ್ದಾರೆ. ಆದರೆ ಅಷ್ಟು ಪೆಟ್ಟು ತಿಂದ ತಲೆ ಬೇಡವೆಂದು ಅಲ್ಲಾಡಿದರೆ, ಅದು ಆ ಮನುಷ್ಯನದೇ ತೀರ್ಮಾನವೆಂದು ಹೇಗೆ ನಂಬೋಣ? ನಮ್ಮ ಗರಡಿಗಳಲ್ಲಿ ಉಸ್ತಾದರು ಸಾಕೆಂದರೆ ಸಾಕು, ಪೈಲ್ವಾನ ಮರುಮಾತಾಡನು. ಮೆಕ್‌ಗರ್ಟ್ ಮಾಡಿದ್ದು ಸರಿಯೆಂದೇ ನನ್ನ ಎಣಿಕೆ. ತಡವಾಯಿತಲ್ಲ ಎನ್ನುವುದು ಸುಲಭ. ಯಾವ ಸುತ್ತಿನಲ್ಲಿ ನಿಲ್ಲಿಸಬೇಕಿತ್ತೆಂದು ಅವರಿಗೆ ತೋರಿಸಿಕೊಡಬೇಕಾಗಿದ್ದ ನೆತ್ತರು ತಲೆಬುರುಡೆಯ ಒಳಗಿತ್ತು.